ಮೂತ್ರಕೋಶ ತೆಗೆಸಿಕೊಂಡವರ ಹೊಟ್ಟೆಯ ಚೀಲ: ಕರಾವಳಿಯ ಸೆಕೆಗೆ ಯಾವುದು ತಾಳುತ್ತದೆ?

ಯೂರೋಸ್ಟಮಿ ಚೀಲದ, ಅಂದರೆ ಹೊಟ್ಟೆಯ ಮೇಲೆ ಮಾಡಿದ ಬಾಯಿಯಿಂದ ಬರುವ ಮೂತ್ರ ಹಿಡಿಯುವ ಚೀಲದ, ಪೆಟ್ಟಿಗೆಯ ಮೇಲೆ ಎಷ್ಟು ದಿನ ಬಾಳಿಕೆ ಎಂದು ಬರೆದಿದ್ದರೂ ಕಾರವಾರ, ಅಂಕೋಲಾ, ಕುಮಟಾದ ಏಪ್ರಿಲ್ ಸೆಕೆಯಲ್ಲಿ ಚೀಲವನ್ನು ಹೊಟ್ಟೆಗೆ ಹಿಡಿದಿಡುವ ಒಂದು ಅಂಟುಪ್ಲೇಟಿಗೆ ಮೂರು ದಿನ ಎಂದೇ ಲೆಕ್ಕ ಹಾಕಿಕೊಳ್ಳಿ. ನಾಲ್ಕನೆಯ ದಿನ ಸಿಕ್ಕರೆ ಲಾಭ. ಶಿರಸಿಯ ಚಳಿಗಾಲದಲ್ಲಿ ಅದೇ ಪ್ಲೇಟು ಐದು ದಿನವೂ ನಿಲ್ಲಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆ ಚೀಲ ಕೊಂಡವರು, ಸೋರಿದಾಗಲೆಲ್ಲ ತಮ್ಮದೇ ತಪ್ಪು ಎಂದುಕೊಂಡು ಕುಗ್ಗಿಹೋಗುತ್ತಾರೆ. ಹೆಚ್ಚಿನ ಸಲ ತಪ್ಪು ಅವರದಲ್ಲ. ಚೀಲದ ಬಗೆ, ಪ್ಲೇಟಿನ ರಂಧ್ರದ ಅಳತೆ, ಚರ್ಮದ ಸ್ಥಿತಿ ಈ ಮೂರರಲ್ಲಿ ಒಂದು ಹೊಂದಿರುವುದಿಲ್ಲ.

ಮೊದಲು ಈ ಚೀಲ ಯಾಕೆ ಬರುತ್ತದೆ ಎಂಬುದನ್ನು ಚುಟುಕಾಗಿ ಹೇಳುತ್ತೇವೆ. ಮೂತ್ರಕೋಶದ ಒಳಪದರದಲ್ಲಷ್ಟೇ ಇರುವ ಕ್ಯಾನ್ಸರನ್ನು ದುರ್ಬೀನು ಹಾಕಿ ಕೆರೆದು ತೆಗೆಯುತ್ತಾರೆ. ಮರಳುವ ಅಪಾಯ ಹೆಚ್ಚಿದ್ದರೆ ಆಮೇಲೆ ಬಿಸಿಜಿ ಔಷಧವನ್ನು ವಾರಕ್ಕೊಮ್ಮೆಯಂತೆ 6 ವಾರ ಮೂತ್ರಕೋಶದೊಳಗೆ ಬಿಡುತ್ತಾರೆ. ಮಕ್ಕಳಿಗೆ ಕ್ಷಯದ ವಿರುದ್ಧ ಹಾಕುವ ಲಸಿಕೆಯ ಜೀವಾಣುವೇ ಇದು. ಬಳಿಕ 3, 6, 12ನೆಯ ತಿಂಗಳಲ್ಲಿ ಪ್ರತಿ ಬಾರಿ ವಾರಕ್ಕೊಮ್ಮೆಯಂತೆ ಮೂರು ಸಲ, ಅಪಾಯ ತೀರ ಹೆಚ್ಚಿದ್ದವರಿಗೆ 3 ವರ್ಷದವರೆಗೂ ಮುಂದುವರಿಸುತ್ತಾರೆ. ಇಷ್ಟು ಸರಿಯಾಗಿ ಕೊಟ್ಟ ಮೇಲೂ ಉಗ್ರ ಬಗೆಯ ಗಡ್ಡೆ 6 ತಿಂಗಳೊಳಗೆ ಮರಳಿದರೆ, ಅಥವಾ ಪದರದಲ್ಲಿ ಚಪ್ಪಟೆಯಾಗಿ ಹಬ್ಬುವ ಬಗೆಯದು 12 ತಿಂಗಳೊಳಗೆ ಮರಳಿದರೆ, ಮತ್ತೆ ಬಿಸಿಜಿ ಕೊಡುವುದರಲ್ಲಿ ಹುರುಳಿಲ್ಲ. ಆಗ ತಜ್ಞರು ಮೊದಲು ಹೇಳುವ ಚಿಕಿತ್ಸೆ ಮೂತ್ರಕೋಶವನ್ನೇ ತೆಗೆಯುವುದು. ‘ಇನ್ನೊಂದು ಸುತ್ತು ನೋಡೋಣ, ಅಡಿಕೆ ಕೊಯ್ಲು ಮುಗಿಯಲಿ’ ಎಂದು ತಳ್ಳುತ್ತ ಹೋದರೆ ರೋಗ ಸ್ನಾಯುವಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಲೆಕ್ಕವೇ ಬೇರೆ.

ಗಂಡಸರಲ್ಲಿ ಮೂತ್ರಕೋಶದ ಜೊತೆ ಪ್ರಾಸ್ಟೇಟ್ ಮತ್ತು ವೀರ್ಯಕೋಶ, ಹೆಂಗಸರಲ್ಲಿ ಬಹಳ ಸಲ ಗರ್ಭಕೋಶ, ಅಂಡಾಶಯ ಮತ್ತು ಯೋನಿಯ ಮುಂಗೋಡೆಯ ಒಂದು ಭಾಗವೂ ಹೋಗುತ್ತವೆ. ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಮೂತ್ರಕ್ಕೆ ಹೊಸ ದಾರಿ ಮಾಡಲು ಸಣ್ಣ ಕರುಳಿನ ಕೊನೆಯ ಭಾಗದಿಂದ 15ರಿಂದ 20 ಸೆಂ.ಮೀ. ತುಂಡನ್ನು ಕತ್ತರಿಸಿ, ಅದಕ್ಕೆ ಎರಡೂ ಮೂತ್ರನಾಳಗಳನ್ನು ಹೊಲಿದು, ಅದರ ಇನ್ನೊಂದು ಬಾಯಿಯನ್ನು ಹೊಕ್ಕುಳಿನ ಬಲಕ್ಕೆ ಕೆಳಗೆ ಹೊರತರುತ್ತಾರೆ. ಅಮೆರಿಕದ ಬ್ರಿಕರ್ 1950ರಲ್ಲಿ ಬಳಕೆಗೆ ತಂದ ಈ ವಿಧಾನವೇ ಇಂದಿಗೂ ಹೆಚ್ಚು ನಡೆಯುವುದು. ಆ ಬಾಯಿಯೇ ಸ್ಟೋಮಾ. ಕೆಂಪಗೆ, ಒದ್ದೆಯಾಗಿ, ತುಟಿಯ ಒಳಭಾಗದಂತೆ ಕಾಣುತ್ತದೆ. ಅದಕ್ಕೆ ಮುಚ್ಚಿ ತೆರೆಯುವ ಸ್ನಾಯುವಿಲ್ಲ, ಹಾಗಾಗಿ ಹಗಲು ರಾತ್ರಿ ಹನಿಯುತ್ತಲೇ ಇರುತ್ತದೆ. ಕರುಳಿನಿಂದಲೇ ಹೊಸ ಮೂತ್ರಕೋಶ ಕಟ್ಟುವ ವಿಧಾನವೂ ಇದೆ. ಅದರಲ್ಲಿ ಚೀಲ ಬೇಡ, ಆದರೆ ಮೂತ್ರಪಿಂಡ ಚೆನ್ನಾಗಿರಬೇಕು, ರಾತ್ರಿ ಅಲಾರಂ ಇಟ್ಟು ಎದ್ದು ಹೋಗಬೇಕು, ಕೆಲವರು ತಾವೇ ನಳಿಕೆ ಹಾಕಿ ಖಾಲಿ ಮಾಡಿಕೊಳ್ಳಬೇಕು. ಎಲ್ಲರಿಗೂ ಅದು ಒಗ್ಗುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇಂಥ ದೊಡ್ಡ ಆಪರೇಷನ್‌ಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಅಥವಾ ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ಅಂದರೆ ಡಿಸ್ಚಾರ್ಜ್ ಆದ ಮೇಲೆ ಚೀಲ ಸೋರಿತೆಂದು ಓಡಿಹೋಗಿ ಸಿಸ್ಟರ್‌ಗೆ ತೋರಿಸಿ ಬರುವ ದೂರ ಅದಲ್ಲ. ಆದ್ದರಿಂದ ಆಪರೇಷನ್‌ಗೆ ಮುಂಚೆಯೇ ಒಂದು ವಿಷಯವನ್ನು ಒತ್ತಾಯಿಸಿ ಕೇಳಿ: ಸ್ಟೋಮಾ ಬರುವ ಜಾಗವನ್ನು ಮೊದಲೇ ಗುರುತು ಹಾಕಿಸಿಕೊಳ್ಳುವುದು. ಮಲಗಿಸಿ ಮಾತ್ರ ನೋಡಿದರೆ ಸಾಲದು. ನಿಲ್ಲಿಸಬೇಕು, ಕೂರಿಸಬೇಕು, ಬಗ್ಗಿಸಬೇಕು. ಹೊಟ್ಟೆಯ ಮಡಿಕೆ, ಹಳೆಯ ಹೊಲಿಗೆ, ಹೊಕ್ಕುಳು, ಸೊಂಟದ ಮೂಳೆ ಇವುಗಳಿಂದ ದೂರವಿರುವ ಸಪಾಟಾದ ಜಾಗ ಬೇಕು, ಅದು ರೋಗಿಯ ಕಣ್ಣಿಗೂ ಕಾಣುವಂತಿರಬೇಕು. ಲುಂಗಿ ಉಡುವವರು ಲುಂಗಿ ಉಟ್ಟೇ ಹೋಗಿ, ಸೀರೆಯವರು ಲಂಗದ ಲಾಡಿ ಎಂದಿನ ಜಾಗದಲ್ಲೇ ಕಟ್ಟಿಕೊಂಡು ಹೋಗಿ. ಗಂಟು ಸ್ಟೋಮಾದ ಮೇಲೆಯೇ ಕೂತರೆ ಆಮೇಲೆ ಯಾವ ಕಂಪನಿಯ ಚೀಲವೂ ಉಪಯೋಗಕ್ಕೆ ಬಾರದು.

ಈಗ ಚೀಲಕ್ಕೆ ಬರೋಣ. ಇದರಲ್ಲಿ ಎರಡು ಬಗೆ. ಪ್ಲೇಟು, ಚೀಲ ಎರಡೂ ಸೇರಿಯೇ ಬರುವುದು ಒಂದು ತುಂಡಿನದು. ಪ್ಲೇಟನ್ನು ಹೊಟ್ಟೆಗೆ ಅಂಟಿಸಿ ಚೀಲವನ್ನು ಅದರ ಬಳೆಗೆ ಒತ್ತಿ ಕೂರಿಸುವುದು ಎರಡು ತುಂಡಿನದು. ಆಪರೇಷನ್ ಆದ ಮೊದಲ ಎರಡು ತಿಂಗಳಿಗೆ ನಮ್ಮ ಆಯ್ಕೆ ಎರಡು ತುಂಡಿನ ಪಾರದರ್ಶಕ ಚೀಲ, ರಂಧ್ರವನ್ನು ನಾವೇ ಕತ್ತರಿಸಿಕೊಳ್ಳುವ ಪ್ಲೇಟು. ಸ್ಟೋಮಾದ ಬಣ್ಣ ಹೊರಗಿನಿಂದಲೇ ಕಾಣುತ್ತದೆ, ಪ್ಲೇಟು ಕೀಳದೆ ಚೀಲ ಮಾತ್ರ ಬದಲಿಸಬಹುದು, ಮೂತ್ರನಾಳದ ಹೊಲಿಗೆ ಮಾಯುವವರೆಗೆ ಒಳಗೆ ಬಿಟ್ಟಿರುವ ಸಣ್ಣ ಸ್ಟೆಂಟ್ ನಳಿಕೆಗಳನ್ನು ಎಳೆಯದೆ ಚೀಲದೊಳಗೆ ಬಿಡುವುದೂ ಸುಲಭ. ಎರಡು ತಿಂಗಳ ನಂತರ, ಹೊಟ್ಟೆ ಸಪಾಟಾಗಿದ್ದು ಸ್ಟೋಮಾ ಒಂದೆರಡು ಸೆಂ.ಮೀ. ಮೇಲಕ್ಕೆ ಚಾಚಿದ್ದರೆ, ಸೆಕೆಯ ಊರಿಗೆ ಒಂದು ತುಂಡಿನದೇ ಮೇಲು. ತೆಳ್ಳಗಿರುತ್ತದೆ, ಗಟ್ಟಿ ಬಳೆ ಇಲ್ಲದ್ದರಿಂದ ಗದ್ದೆಯಲ್ಲಿ ಬಗ್ಗಿದಾಗ ಚುಚ್ಚುವುದಿಲ್ಲ, ಅಂಗಿಯ ಮೇಲೆ ಉಬ್ಬಿ ಕಾಣುವುದಿಲ್ಲ. ಬೆರಳಲ್ಲಿ ಶಕ್ತಿ ಕಡಿಮೆಯಾದ ಹಿರಿಯರಿಗೂ ಇದೇ ಸರಿ. ಬಳೆ ಸರಿಯಾಗಿ ಕೂರದೆ ನಡುರಾತ್ರಿ ಚೀಲ ಕಳಚಿಬಿದ್ದಿತೆಂಬ ಭಯ ಇದರಲ್ಲಿಲ್ಲ.

ಕೊಲೊಪ್ಲಾಸ್ಟ್, ಕಾನ್ವಾಟೆಕ್, ಹಾಲಿಸ್ಟರ್ ಎಂಬ ಮೂರೂ ಕಂಪನಿಗಳ ಯೂರೋಸ್ಟಮಿ ಚೀಲಗಳು ಒಳ್ಳೆಯವೇ. ಹೆಸರು ನೋಡಿ ಆರಿಸುವ ಬದಲು ಪ್ಲೇಟಿನ ಅಂಟನ್ನು ನೋಡಿ ಆರಿಸಿ. ಈ ಅಂಟು ಗೋಂದಲ್ಲ. ಪೆಕ್ಟಿನ್, ಜೆಲಾಟಿನ್, ಸೆಲ್ಯುಲೋಸ್‌ನಂಥ ತೇವ ಹೀರುವ ಪುಡಿಗಳನ್ನು ರಬ್ಬರಿನಂಥ ವಸ್ತುವಿನಲ್ಲಿ ಕಲಸಿದ್ದು. ಬೆವರು ಹೀರಿ ಚರ್ಮವನ್ನು ಒಣಗಿಸಿಡುವುದು ಇದರ ಗುಣ, ಮೂತ್ರ ತಾಗಿ ತಾಗಿ ಕರಗುವುದು ಇದರ ದೋಷ. ಸಾದಾ ಅಂಟು ಬೇಗ ಕರಗುತ್ತದೆ. ಹಾಗಾಗಿ ಮೂತ್ರದ ಚೀಲಕ್ಕೆ ‘ಎಕ್ಸ್‌ಟೆಂಡೆಡ್ ವೇರ್’ ಎನ್ನುವ ಗಟ್ಟಿ ಬಗೆಯದೇ ಬೇಕು: ಹಾಲಿಸ್ಟರ್‌ನಲ್ಲಿ ಇದರ ಹೆಸರು ಫ್ಲೆಕ್ಸ್‌ಟೆಂಡ್, ಕಾನ್ವಾಟೆಕ್‌ನಲ್ಲಿ ಡ್ಯುರಾಹೆಸಿವ್. ಕೊಲೊಪ್ಲಾಸ್ಟ್‌ನ ಸೆನ್ಸುರಾ ಮಿಯೊ ಪ್ಲೇಟು ಮೈ ಬಗ್ಗಿದಂತೆ ಹಿಗ್ಗುತ್ತದೆ, ಅದರ ಯೂರೋ ಚೀಲದಲ್ಲಿ ಮೂತ್ರ ಒಂದೇ ಕಡೆ ಜೋತುಬೀಳದಂತೆ ಒಳಗೆ ಕೋಣೆಗಳಿವೆ. ಸೊಂಟ ಬಗ್ಗಿಸಿ ದುಡಿಯುವವರಿಗೆ ಹಿಗ್ಗುವ ಪ್ಲೇಟು, ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದು ಮತ್ತೆ ಮತ್ತೆ ಸೋರುವವರಿಗೆ ನಡುವೆ ಉಬ್ಬಿರುವ ಕಾನ್ವೆಕ್ಸ್ ಪ್ಲೇಟು ಮತ್ತು ಬೆಲ್ಟು. ಕಾನ್ವೆಕ್ಸನ್ನು ನಿಮ್ಮಷ್ಟಕ್ಕೆ ನೀವೇ ಆರಿಸಬೇಡಿ. ಆಪರೇಷನ್ ಆದ ಹೊಸದರಲ್ಲಿ ಅದು ಹೊಲಿಗೆಯ ಮೇಲೆ ಒತ್ತಡ ಹಾಕುತ್ತದೆ. ಅಂಚಿಗೆ ಕಾಗದದ ಟೇಪ್ ಇರುವ ಪ್ಲೇಟು ಬೆವರಿನಲ್ಲಿ ಕೆಲವರಿಗೆ ತುರಿಕೆ ಎಬ್ಬಿಸುತ್ತದೆ, ಮೊದಲು ಒಂದನ್ನೇ ತಂದು ಹಾಕಿ ನೋಡಿ.

ಕೊಳ್ಳುವಾಗ ಮೋಸಹೋಗುವ ಜಾಗ ಇಲ್ಲಿದೆ. ಮೆಡಿಕಲ್ ಅಂಗಡಿಯಲ್ಲಿ ‘ಸ್ಟೋಮಾ ಬ್ಯಾಗ್’ ಎಂದು ಕೇಳಿದರೆ ಮಲದ ಚೀಲ ಕೊಟ್ಟುಬಿಡುತ್ತಾರೆ. ಅದರ ತಳದಲ್ಲಿ ಅಗಲ ಬಾಯಿ, ಕ್ಲಿಪ್ಪು. ಮೂತ್ರದ ಚೀಲದ ತಳದಲ್ಲಿ ನಲ್ಲಿ ಇರುತ್ತದೆ, ಒಳಗೆ ಮೂತ್ರ ಮೇಲಕ್ಕೆ ಮರಳದಂತೆ ತಡೆಯುವ ಪದರ ಇರುತ್ತದೆ. ಆ ಪದರವಿಲ್ಲದಿದ್ದರೆ ಮಲಗಿದಾಗ ಮೂತ್ರ ಸ್ಟೋಮಾದ ಸುತ್ತ ನಿಂತು ಅಂಟು ಕರಗುತ್ತದೆ, ಸೋಂಕಿಗೂ ದಾರಿ. ಇನ್ನೊಂದು, ಎರಡು ತುಂಡಿನದರಲ್ಲಿ ಬಳೆಯ ಅಳತೆ. ಕೊಲೊಪ್ಲಾಸ್ಟ್‌ನ ಕ್ಲಿಕ್ ಬಗೆಯಲ್ಲಿ 40, 50, 60 ಮಿ.ಮೀ., ಕಾನ್ವಾಟೆಕ್‌ನಲ್ಲಿ 38, 45, 57, 70, ಹಾಲಿಸ್ಟರ್‌ನಲ್ಲಿ 44, 57, 70. ಎರಡು ಕಂಪನಿಯಲ್ಲೂ 57 ಇದೆಯೆಂದು ಒಂದರ ಪ್ಲೇಟಿಗೆ ಇನ್ನೊಂದರ ಚೀಲ ತರಬೇಡಿ, ಬಳೆಯ ರಚನೆಯೇ ಬೇರೆ. ಮುಗಿದ ಪೆಟ್ಟಿಗೆಯ ಲೇಬಲನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಳ್ಳಿ, ಅಂಗಡಿಯವರಿಗೆ ಅದರ ಕೋಡ್ ಸಂಖ್ಯೆಯನ್ನೇ ತೋರಿಸಿ. ಬೆಲೆ ಹೋಲಿಸುವಾಗ ಒಂದು ಚೀಲಕ್ಕೆಷ್ಟು ಎಂದಲ್ಲ, ದಿನಕ್ಕೆಷ್ಟು ಎಂದು ಲೆಕ್ಕ ಹಾಕಿ. ಉದಾಹರಣೆಗೆ, 200 ರೂಪಾಯಿಯದು ಒಂದೇ ದಿನಕ್ಕೆ ಕಿತ್ತುಬಂದರೆ ದಿನಕ್ಕೆ 200. ಅದರ ದುಪ್ಪಟ್ಟು ಬೆಲೆಯದು ನಾಲ್ಕು ದಿನ ನಿಂತರೆ ದಿನಕ್ಕೆ 100, ಬಟ್ಟೆ ಹಾಸಿಗೆ ಒಗೆಯುವ ಕೆಲಸವೂ ಉಳಿಯಿತು.

ನಲ್ಲಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ. ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ತೆರೆದಿದೆಯೋ ಮುಚ್ಚಿದೆಯೋ ಹೇಳಲು ಬರಬೇಕು. ಬಸ್‌ಸ್ಟ್ಯಾಂಡಿನ ಕತ್ತಲೆ ಶೌಚಾಲಯದಲ್ಲಿ ಬೆಳಕು ಸಿಗುವುದಿಲ್ಲ. ಬಾಯಿ ತೀರ ಸಣ್ಣದಿದ್ದರೆ ಲೋಳೆ ಸಿಕ್ಕಿಕೊಳ್ಳುತ್ತದೆ. ಮೂತ್ರದಲ್ಲಿ ಮೊಟ್ಟೆಯ ಬಿಳಿಯಂಥ ಎಳೆಗಳು ತೇಲುವುದು ಕೀವಲ್ಲ, ಕರುಳಿನ ತುಂಡು ತನ್ನ ಹಳೆಯ ಕೆಲಸ ಬಿಟ್ಟಿಲ್ಲ ಅಷ್ಟೆ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಅರ್ಧ ದಾಟಿದರೆ ಭಾರ ಪ್ಲೇಟಿನ ಮೇಲಂಚನ್ನು ಕೀಳತೊಡಗುತ್ತದೆ.

ಬದಲಿಸುವ ಹೊತ್ತು ಬೆಳಗ್ಗೆ ಎದ್ದ ಕೂಡಲೇ, ಚಹಾ ಕುಡಿಯುವ ಮುಂಚೆ. ಆಗ ಮೂತ್ರ ಕಡಿಮೆ ಬರುತ್ತದೆ. ಪ್ಲೇಟನ್ನು ಮೇಲಿನಿಂದ ಕೆಳಕ್ಕೆ ಬಿಡಿಸಿ: ಒಂದು ಕೈ ಚರ್ಮವನ್ನು ಒತ್ತಿ ಹಿಡಿದಿರಲಿ, ಇನ್ನೊಂದು ಪ್ಲೇಟನ್ನು ಮೆಲ್ಲಗೆ ಮಡಚುತ್ತ ಬರಲಿ. ಎಸೆಯುವ ಮುಂಚೆ ಅದರ ಬೆನ್ನನ್ನು ನೋಡಿ. ಇದು ಬಹಳ ಜನ ಬಿಡುವ ಕೆಲಸ, ಸೋರುವುದಕ್ಕೆ ಕಾರಣ ಇಲ್ಲಿಯೇ ಬರೆದಿರುತ್ತದೆ. ರಂಧ್ರದ ಸುತ್ತ ಅಂಟು ನೆನೆದ ಅವಲಕ್ಕಿಯಂತೆ ಬೆಳ್ಳಗೆ ಉಬ್ಬಿ, ಅರ್ಧ ಸೆಂ.ಮೀ.ನಷ್ಟು ಸಮನಾದ ಬಳೆಯಾಗಿದ್ದರೆ ಎಲ್ಲ ಸರಿಯಿದೆ. ಆ ಬಿಳುಪು ಒಂದೇ ದಿಕ್ಕಿಗೆ ತೋಡಿನಂತೆ ಅಂಚಿನತ್ತ ಹರಿದಿದ್ದರೆ, ಹೊಟ್ಟೆಯಲ್ಲಿ ಅದೇ ಗೆರೆಗೆ ಒಂದು ಮಡಿಕೆಯೋ ಗುಳಿಯೋ ಇದೆ. ಕುರ್ಚಿಯಲ್ಲಿ ಕೂತು ಕನ್ನಡಿ ಹಿಡಿದು ನೋಡಿ, ಸಿಗುತ್ತದೆ. ಆ ಗುಳಿಗೆ ಬ್ಯಾರಿಯರ್ ರಿಂಗಿನ (ಮೆದುವಾದ ಅಂಟಿನ ಬಳೆ) ಒಂದು ತುಂಡನ್ನು ಚಕ್ಕುಲಿ ಹಿಟ್ಟಿನಂತೆ ಹೊಸೆದು ತುಂಬಿ ಮೇಲೆ ಪ್ಲೇಟು ಹಾಕಿ. ಟ್ಯೂಬಿನಲ್ಲಿ ಬರುವ ಸ್ಟೋಮಾ ಪೇಸ್ಟ್ ಬೇಡ, ಅದು ಮಲದ ಚೀಲಕ್ಕೆ ಸರಿ, ಮೂತ್ರದಲ್ಲಿ ಬೇಗ ಕರಗುತ್ತದೆ. ಬಿಳುಪು ಎಲ್ಲ ಕಡೆಯೂ ಅಂಚಿನ ಹತ್ತಿರ ಬಂದಿದ್ದರೆ ಒಂದು ದಿನ ತಡಮಾಡಿದ್ದೀರಿ ಎಂದರ್ಥ.

ಚರ್ಮವನ್ನು ಬರೀ ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ಒತ್ತಿ ಒರೆಸಿ. ಒರೆಸುವಾಗ ಸ್ಟೋಮಾದಿಂದ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ಕೆನೆ ಸೇರಿಸಿದ ಸೋಪು, ಡೆಟಾಲ್, ಪೌಡರು ಯಾವುದೂ ಬೇಡ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ನಮ್ಮ ಕಡೆ ಚರ್ಮ ಕೆಂಪಾದರೆ ಕೈ ಮೊದಲು ಹೋಗುವುದು ಎಣ್ಣೆ ಗಿಂಡಿಗೆ, ಎಣ್ಣೆ ಪಸೆ ಇದ್ದಲ್ಲಿ ಪ್ಲೇಟು ಒಂದು ಗಂಟೆಯೂ ನಿಲ್ಲುವುದಿಲ್ಲ. ಕೂದಲಿದ್ದರೆ ಟ್ರಿಮ್ಮರಿನಿಂದ ಸಣ್ಣಗೆ ಮಾಡಿ. ಗಾಜ್ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಸ್ಟೋಮಾದ ಬಾಯಿಗೆ ಹಿಡಿದರೆ ಮೂತ್ರವನ್ನು ಅದು ಹೀರುತ್ತದೆ, ಅಷ್ಟರಲ್ಲಿ ಚರ್ಮ ಒಣಗುತ್ತದೆ. ಅಳತೆ ಕಾರ್ಡಿನಿಂದ ಸ್ಟೋಮಾ ಅಳೆದು ಅದಕ್ಕಿಂತ 2–3 ಮಿ.ಮೀ. ಮಾತ್ರ ದೊಡ್ಡದಾಗಿ ರಂಧ್ರ ಕತ್ತರಿಸಿ: ಸ್ಟೋಮಾ 30 ಇದ್ದರೆ ರಂಧ್ರ 32 ಅಥವಾ 33. ‘ಸ್ವಲ್ಪ ಧಾರಾಳ ಇರಲಿ’ ಎಂದು 40 ಕತ್ತರಿಸಿದರೆ ಬರಿಯ ಚರ್ಮದ ಮೇಲೆ ಮೂತ್ರ ನಿಂತು, ನೀರಿನಲ್ಲಿ ನೆನೆದ ಬೆರಳ ತುದಿಯಂತೆ ಬೆಳ್ಳಗೆ ಸುಕ್ಕಾಗಿ, ಆಮೇಲೆ ಬೂದುಬಣ್ಣದ ಗಂಟುಗಳೇಳುತ್ತವೆ. ಬಿಗಿಯಾಗಿ ಕತ್ತರಿಸಿದರೆ ಪ್ಲೇಟಿನ ಅಂಚು ಸ್ಟೋಮಾವನ್ನು ಕೊಯ್ಯುತ್ತದೆ, ಅಲ್ಲಿ ನೋವಿನ ನರಗಳಿಲ್ಲದ್ದರಿಂದ ಗೊತ್ತೂ ಆಗುವುದಿಲ್ಲ. ಕತ್ತರಿಸಿದ ಅಂಚನ್ನು ಬೆರಳಿನಿಂದ ಉಜ್ಜಿ ನುಣುಪು ಮಾಡಿ. ಸ್ಟೋಮಾ 6ರಿಂದ 8 ವಾರದವರೆಗೆ ಕುಗ್ಗುತ್ತ ಹೋಗುತ್ತದೆ, ಅಲ್ಲಿಯವರೆಗೆ ವಾರಕ್ಕೊಮ್ಮೆ ಅಳೆಯಲೇಬೇಕು. ರಂಧ್ರ ಮೊದಲೇ ಕತ್ತರಿಸಿ ಬರುವ ಪ್ಲೇಟುಗಳನ್ನು ಆಮೇಲೆ ಕೊಳ್ಳಿ.

ಶಿರಸಿ, ಸಿದ್ದಾಪುರದ ಚಳಿಯಲ್ಲಿ ಪ್ಲೇಟನ್ನು ಕಂಕುಳಲ್ಲಿ ಒಂದೆರಡು ನಿಮಿಷ ಇಟ್ಟು ಬೆಚ್ಚಗೆ ಮಾಡಿದರೆ ಅಂಟು ಮೆದುವಾಗುತ್ತದೆ. ಕರಾವಳಿಯಲ್ಲಿ ಅದರ ಗೊಡವೆಯಿಲ್ಲ, ಆದರೆ ಅಂಟಿಸುವ ಮುಂಚೆ ಫ್ಯಾನಿನ ಕೆಳಗೆ ಕೂತು ಬೆವರು ಆರಿಸಿಕೊಳ್ಳಬೇಕು. ಅಂಟಿಸಿದ ಮೇಲೆ ಅಂಗೈ ಇಟ್ಟು ಮೂರು ನಾಲ್ಕು ನಿಮಿಷ ಒತ್ತಿ ಹಿಡಿಯಿರಿ, ಕೂಡಲೇ ಬಗ್ಗಬೇಡಿ. ಸ್ನಾನ ಚೀಲದ ಸಮೇತವೇ ಮಾಡಬಹುದು. ಪ್ಲಾಸ್ಟಿಕ್ ಚರ್ಮಕ್ಕೆ ತಾಗಿ ಬೆವರುಸಾಲೆ ಏಳುವವರು ಹಳೆಯ ಪಂಚೆಯ ಬಟ್ಟೆಯಲ್ಲಿ ಚೀಲಕ್ಕೊಂದು ಗವಸು ಹೊಲಿದುಕೊಳ್ಳಿ, ನಾಲ್ಕಿದ್ದರೆ ಒಗೆದು ಒಣಗಿಸಿ ಬದಲಿಸಬಹುದು. ಮಳೆಗಾಲದಲ್ಲಿ ಪ್ಲೇಟಿನ ಕೆಳಗೆ ಕೆಂಪು ಮಚ್ಚೆ, ಅದರ ಸುತ್ತ ಚುಕ್ಕಿ ಚುಕ್ಕಿ ಗುಳ್ಳೆ, ತಡೆಯಲಾಗದ ತುರಿಕೆ ಬಂದರೆ ಅದು ಬಹುಪಾಲು ಫಂಗಸ್. ವೈದ್ಯರು ಹೇಳಿದ ಶಿಲೀಂಧ್ರನಾಶಕ ಪುಡಿಯನ್ನು ಉದುರಿಸಿ, ಹೆಚ್ಚಾದದ್ದನ್ನು ಕೊಡವಿ ಪ್ಲೇಟು ಹಾಕಬೇಕು. ಮುಲಾಮು ಹಚ್ಚಿದರೆ ಎಣ್ಣೆಯದೇ ಕತೆ. ಸ್ಟೋಮಾದ ಮೇಲೆ ಸಕ್ಕರೆಯಂಥ ಗರಗರ ಹರಳು ಕಂಡರೆ ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿ, ಬದಲಿಸುವ ಸಮಯದಲ್ಲಿ ಗಾಜ್ ನೆನೆಸಿ ಕೆಲ ನಿಮಿಷ ಇಟ್ಟು ತೊಳೆಯಿರಿ. ನೀರು ಕಡಿಮೆ ಕುಡಿಯುವವರಲ್ಲಿ ಈ ಹರಳು ಹೆಚ್ಚು. ಮೂತ್ರಪಿಂಡ, ಹೃದಯದ ತೊಂದರೆ ಇಲ್ಲದವರು ದಿನಕ್ಕೆ 2ರಿಂದ 2.5 ಲೀಟರ್ ಕುಡಿಯಲಿ, ಬಿಸಿಲಿನಲ್ಲಿ ದುಡಿಯುವವರು ಇನ್ನೂ ಹೆಚ್ಚು. ಮೀನು ತಿಂದ ದಿನ ಮೂತ್ರದ ವಾಸನೆ ಹೆಚ್ಚುವುದು, ಬೀಟ್‌ರೂಟ್ ತಿಂದರೆ ಕೆಂಪಾಗುವುದು ಸಹಜ. ಬಂಗಡೆ ಬಿಡಬೇಕಾಗಿಲ್ಲ.

ರಾತ್ರಿಗೆ 2 ಲೀಟರಿನ ಚೀಲವನ್ನು ನಲ್ಲಿಗೆ ಜೋಡಿಸಬೇಕು. ಅದಕ್ಕೆ ಬೇಕಾದ ಕನೆಕ್ಟರ್ ಕೆಲವು ಪೆಟ್ಟಿಗೆಯಲ್ಲಿ ಒಂದೆರಡು ಮಾತ್ರ ಇರುತ್ತದೆ. ಅದನ್ನು ಎಸೆದವರು ಮರುದಿನ ಅಂಗಡಿ ಅಂಗಡಿ ಅಲೆಯುತ್ತಾರೆ, ಸಾಮಾನ್ಯ ಯೂರಿನ್ ಬ್ಯಾಗಿನ ಮೂತಿ ನೇರವಾಗಿ ಕೂರುವುದು ಅಪರೂಪ. ಜೋಡಿಸುವಾಗ ಮೇಲಿನ ಚೀಲದಲ್ಲಿ ಸ್ವಲ್ಪ ಮೂತ್ರ ಉಳಿದಿರಲಿ, ಪೂರ್ತಿ ಖಾಲಿಯಿದ್ದರೆ ಒಳಗೆ ನಿರ್ವಾತವಾಗಿ ಪದರಗಳು ಒಂದಕ್ಕೊಂದು ಅಂಟಿ ಹರಿವು ನಿಲ್ಲುತ್ತದೆ. ನಳಿಕೆಯನ್ನು ಕಾಲಿನುದ್ದಕ್ಕೆ ಬಿಡಿ, ತಿರುಚಬಾರದು. ಚಾಪೆ ಹಾಸಿ ನೆಲದ ಮೇಲೆ ಮಲಗುವವರಿಗೆ ಈ ವ್ಯವಸ್ಥೆ ನಡೆಯುವುದಿಲ್ಲ, ಚೀಲ ಹೊಟ್ಟೆಗಿಂತ ಕೆಳಗಿರಲು ಜಾಗವೇ ಇಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆಯೇ ಒಂದು ಮಂಚ ಹೊಂದಿಸಿ. ರಾತ್ರಿಯ ಚೀಲವನ್ನು ದಿನವೂ ವಿನೆಗರ್ ನೀರಿನಲ್ಲಿ ತೊಳೆದು ತೂಗುಹಾಕಿ ಒಣಗಿಸಬೇಕು.

ದಾಸ್ತಾನಿನ ಮಾತು. ಮೂರು ದಿನಕ್ಕೊಂದರಂತೆ ತಿಂಗಳಿಗೆ 10 ಪ್ಲೇಟು, ಜೂನ್‌ನಿಂದ ಸೆಪ್ಟೆಂಬರ್‌ಗೆ 40. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದದ್ದನ್ನು ಕರಾವಳಿಯವರು ಮರೆಯಲಾರರು. ಕೊರಿಯರ್ ನಾಳೆ ಬರುತ್ತದೆಂದು ಮಳೆಗಾಲದಲ್ಲಿ ನಂಬಿ ಕೂರುವಂತಿಲ್ಲ. ಮೇ ತಿಂಗಳಲ್ಲೇ ಅವಧಿ ಮುಗಿಯುವ ದಿನಾಂಕ ನೋಡಿ ತರಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬಚ್ಚಲ ಗೋಡೆಯಿಂದ ದೂರ, ಬಿಸಿಲು ಬೀಳದಲ್ಲಿ ಇಡಿ. ಫ್ರಿಜ್ಜಿನಲ್ಲಿ ಬೇಡ, ಅಂಟು ಗಡುಸಾಗುತ್ತದೆ. ಬಳಸಿದ ಚೀಲವನ್ನು ಖಾಲಿ ಮಾಡಿ ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಕೊಡಿ. ಬಚ್ಚಲ ಒಲೆಗೆ ಹಾಕಿ ಸುಡಬೇಡಿ.

ಕೆಲವು ಲಕ್ಷಣಗಳಿಗೆ ಚೀಲ ಬದಲಿಸಿ ಪ್ರಯೋಜನವಿಲ್ಲ, ಗಾಡಿ ಹತ್ತಬೇಕು: ಸ್ಟೋಮಾ ನೇರಳೆಯೋ ಕಪ್ಪೋ ಆಗುವುದು, ನೀರು ಕುಡಿದರೂ ಎರಡು ಮೂರು ಗಂಟೆ ಒಂದು ಹನಿಯೂ ಬಾರದಿರುವುದು, ಚಳಿಜ್ವರದ ಜೊತೆ ಬೆನ್ನಿನ ಪಕ್ಕೆಯಲ್ಲಿ ನೋವು, ಒಳಗಿನಿಂದ ನಿಲ್ಲದ ರಕ್ತ. ಮೂತ್ರ ಪರೀಕ್ಷೆಗೆಂದು ಲ್ಯಾಬಿನವರು ಚೀಲದಿಂದಲೇ ತುಂಬಿಸಿಕೊಂಡರೆ ತಡೆಯಿರಿ. ಚೀಲದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತದೆ, ಇಲ್ಲದ ಸೋಂಕಿಗೆ ಆಂಟಿಬಯೋಟಿಕ್ ನುಂಗಬೇಕಾಗುತ್ತದೆ. ಕಲ್ಚರ್‌ಗೆ, ಅಂದರೆ ಸೋಂಕಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಸ್ಟೋಮಾದೊಳಗೆ ತೆಳು ನಳಿಕೆ ಹಾಕಿ ತೆಗೆಯಬೇಕು. ವೈದ್ಯರು ಹೇಳಿದ ಅವಧಿಗೆ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ರಕ್ತದ ಲವಣಾಂಶ, ಬಿ12 ನೋಡಿಸಬೇಕು. ಬಿ12 ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ, ತುಂಡು ಕತ್ತರಿಸಿದ್ದೂ ಅಲ್ಲಿಂದಲೇ.

ಆ ತಪಾಸಣೆಗೆ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಹತ್ತುವ ದಿನ ಕೈಚೀಲದಲ್ಲಿ ಕತ್ತರಿಸಿಟ್ಟ ಎರಡು ಪ್ಲೇಟು, ಎರಡು ಚೀಲ, ಒಂದು ರಿಂಗು, ಗಾಜ್, ಸಣ್ಣ ಬಾಟಲಿಯಲ್ಲಿ ನೀರು, ಮುಚ್ಚುವ ಕವರು, ಒಂದು ಜೊತೆ ಬಟ್ಟೆ ಇರಲಿ. ಬಸ್ಸಿನ ಡಿಕ್ಕಿಯಲ್ಲಿ ಬೇಡ, ತೊಡೆಯ ಮೇಲೆಯೇ ಇಟ್ಟುಕೊಳ್ಳಿ, ಹತ್ತುವ ಮುಂಚೆ ಚೀಲ ಖಾಲಿ ಮಾಡಿಕೊಳ್ಳಿ.